ತಪ್ಪು ಸೋಯಾದ್ದಲ್ಲ

ಹಾಲು ಬಿಡಿಸಿದ ಹಂದಿಮರಿಗೆ ಸೋಯಾ ಹಿಂಡಿ ವಿಷ, ಎರಡು ತಿಂಗಳು ತೋರಿಸಲೇಬಾರದು ಎಂಬ ಕಳೆದ ಸಂಚಿಕೆಯ ಲೇಖನ ಅರ್ಧ ಸತ್ಯ. ಸೋಯಾದ ಗ್ಲೈಸಿನಿನ್, ಬೀಟಾ-ಕಾಂಗ್ಲೈಸಿನಿನ್ ಪ್ರೋಟೀನುಗಳು ಮೂರ್ನಾಲ್ಕು ವಾರದ ಮರಿಗೆ ಒಗ್ಗುವುದಿಲ್ಲ, ನಿಜ. ಕರುಳಿನ ಒಳಗೋಡೆ ಸವೆದು ಭೇದಿ ಹತ್ತುತ್ತದೆ. ಆದರೆ ಈ ಅಲರ್ಜಿ ತಾತ್ಕಾಲಿಕವೆಂದು 1990ರ ಸುಮಾರಿಗೇ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿವೆ. ಕರುಳು ಪಳಗುವುದು ಸೋಯಾ ತಿಂದೇ! ಪೂರ್ತಿ ದೂರವಿಟ್ಟರೆ ಕಾಟ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಹಸಿ ಸೋಯಾ ಕೊಟ್ಟು ಕೆಟ್ಟವರ ಕತೆಯನ್ನು ಲೇಖಕರು ಬೇಯಿಸಿದ ಹಿಂಡಿಯ ತಲೆಗೆ ಕಟ್ಟಿದ್ದಾರೆ. ಹಸಿ ಸೋಯಾದಲ್ಲಿದ್ದು ಪಚನಕ್ಕೆ ಅಡ್ಡಬರುವ ಟ್ರಿಪ್ಸಿನ್ ತಡೆಕಾರಕ ಬಿಸಿಗೆ ಬಹುಪಾಲು ನಾಶವಾಗುತ್ತದೆ. ಸಾಕುವವರಲ್ಲಿ ನನ್ನ ವಿನಂತಿ: ಮೊದಲ ವಾರ ಹಾಲೊಡಕಿನ ಪುಡಿ, ಮೀನಿನ ಪುಡಿಯ ಜೊತೆ ಸ್ವಲ್ಪವೇ ಸೋಯಾ ಬೆರೆಸಿ, ಆಮೇಲೆ ಮೆಲ್ಲಗೆ ಏರಿಸಿ.