ಹೆತ್ತವರು ಆರು ದಿನದ ಅತಿಥಿಗಳೇ?

ಕಾಸರಗೋಡಿನ ಕನ್ನಡ ಶಾಲೆಗಳ ಅಳಿವು ಉಳಿವಿನ ಕುರಿತು ನಾವಾಡುವ ಮಾತಿನಲ್ಲಿ ಸರಕಾರದ ಮೇಲಿನ ದೂರಿಗೇ ಮೊದಲ ಸ್ಥಾನ. ಆ ದೂರು ಸುಳ್ಳಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಇಳಿಯಬೇಕಾಗಿ ಬಂದ ನೆಲವಿದು. ಆ ಹೋರಾಟ ನಿಲ್ಲಬಾರದು. ಆದರೆ ಇದರ ಜೊತೆಗೇ ಇನ್ನೊಂದು ದೂರು ನಮ್ಮ ನಾಲಗೆಯಲ್ಲಿ ಸವೆದುಹೋಗಿದೆ: ಹೆತ್ತವರಿಗೆ ಆಸಕ್ತಿಯಿಲ್ಲ, ಸಭೆಗೆ ಕರೆದರೆ ಬರುವುದಿಲ್ಲ. ಶಾಲೆಯ ಜಗಲಿಯಲ್ಲೂ ಸಂಘದ ವೇದಿಕೆಯಲ್ಲೂ ಯಾರೊಬ್ಬರೂ ಪ್ರಶ್ನಿಸದ ಈ ಮಾತನ್ನು ನಾನು ಒಪ್ಪಲಾರೆ. ಹೆತ್ತವರನ್ನು ಹೊಸ್ತಿಲಾಚೆ ನಿಲ್ಲಿಸಿದವರು ನಾವೇ.

ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ತರಗತಿಯ ವಿಭಾಗಗಳೂ ಅಧ್ಯಾಪಕ ಹುದ್ದೆಗಳೂ ಆ ಸಂಖ್ಯೆಯನ್ನೇ ಆಧರಿಸಿವೆ. ಆದುದರಿಂದ ಎಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಧ್ಯಾಪಕರು ಮನೆಮನೆಯ ಮೆಟ್ಟಿಲೇರುತ್ತಾರೆ. ಕೊಡೆ, ಚೀಲ, ವಾಹನದ ಭರವಸೆ ನೀಡುತ್ತಾರೆ. ಕನ್ನಡದ ಹಿರಿಮೆಯನ್ನೂ ಬಣ್ಣಿಸುತ್ತಾರೆ. ಆರನೆಯ ದಿನ ಕಳೆಯಿತೆಂದರೆ ಆ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ. ಆಮೇಲೆ ಮನೆಗೆ ಕರೆ ಹೋಗುವುದು ಅಂಕಗಳಿಗೆ ಸಹಿ ಹಾಕಿಸಲು, ವಾರ್ಷಿಕೋತ್ಸವಕ್ಕೆ ವಂತಿಗೆ ಎತ್ತಲು, ಇಲ್ಲವೇ ಹುಡುಗನ ತಂಟೆಯನ್ನು ವರದಿ ಮಾಡಲು. ಇಂತಹ ಕರೆಗೆ ಉತ್ಸಾಹದಿಂದ ಓಡಿಬರಬೇಕೆಂದು ಯಾವ ನ್ಯಾಯದಿಂದ ಬಯಸುತ್ತೇವೆ?

ರಕ್ಷಕ-ಶಿಕ್ಷಕ ಸಂಘದ ಸಭೆಯನ್ನು ಕೆಲಸದ ದಿನ ಮಧ್ಯಾಹ್ನಕ್ಕೆ ಇಡುತ್ತೇವೆ. ಅಡಿಕೆ ತೋಟದ ಕೂಲಿಗೆ ಹೋಗುವ ತಂದೆಗೂ ಬೀಡಿ ಕಟ್ಟುವ ತಾಯಿಗೂ ಆ ಸಭೆಯೆಂದರೆ ಆ ದಿನದ ಸಂಪಾದನೆಯ ಖೋತಾ. ಅಷ್ಟನ್ನು ಕಳೆದುಕೊಂಡು ಬಂದವರು ಕೇಳುವುದೇನು? ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷ ಭಾಷಣ, ಧನ್ಯವಾದ. ತಮ್ಮ ಮಗು ಓದಲು ಕಲಿತಿದೆಯೇ, ಲೆಕ್ಕದಲ್ಲಿ ಎಲ್ಲಿ ಎಡವುತ್ತಿದೆ ಎಂಬುದನ್ನು ಅವರಿಗೆ ಹೇಳುವವರಿಲ್ಲ. ಇದನ್ನೇ ಆಂಗ್ಲ ಮಾಧ್ಯಮದ ಶಾಲೆ ದಿನಚರಿ ಪುಸ್ತಕದಲ್ಲಿ ಬರೆದು ಕಳುಹಿಸಿದರೆ ಹೆತ್ತವರು ಅತ್ತ ಒಲಿಯುವುದು ಸಹಜ. ಅದನ್ನು ಭಾಷಾದ್ರೋಹವೆಂದು ಹಳಿಯುವ ಮೊದಲು ನಮ್ಮ ಶಾಲೆ ಅವರೊಡನೆ ಏನು ಮಾತಾಡಿತು ಎಂದು ಕೇಳಿಕೊಳ್ಳೋಣ.

ಹೆತ್ತವರು ಓದಿದವರಲ್ಲ, ಅವರಿಂದೇನಾಗುತ್ತದೆ ಎನ್ನುವವರಿದ್ದಾರೆ. ಇದೇ ತಾಯಂದಿರು ಕುಟುಂಬಶ್ರೀಯ ನೆರೆಕರೆ ಕೂಟದಲ್ಲಿ ಉಳಿತಾಯದ ಲೆಕ್ಕವಿಡುತ್ತಾರೆ, ಸಾಲದ ಕಂತು ವಸೂಲು ಮಾಡುತ್ತಾರೆ, ಬ್ಯಾಂಕಿನವರೊಡನೆ ವ್ಯವಹರಿಸುತ್ತಾರೆ. ಅಲ್ಲಿ ಸಮರ್ಥರಾದವರು ಶಾಲೆಯ ಗೇಟು ದಾಟಿದೊಡನೆ ಅಸಮರ್ಥರಾಗುವುದು ಹೇಗೆ? ಅಕ್ಷರ ಬಾರದ ಅಜ್ಜಿಯೂ ದಿನಕ್ಕೆ ಹತ್ತು ನಿಮಿಷ ಮೊಮ್ಮಗಳ ಓದನ್ನು ಕೇಳಬಲ್ಲಳು. ಕೇಳುವ ಕಿವಿಯೊಂದಿದ್ದರೆ ಮಗು ಗಟ್ಟಿಯಾಗಿ ಓದುತ್ತದೆ.

ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ. ಹವ್ಯಕರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಸಪ್ತಭಾಷೆಗಳ ಸಂಗಮಭೂಮಿಯೆಂದು ಭಾಷಣದಲ್ಲಿ ಕೊಂಡಾಡುವ ನಾವು ತರಗತಿಯಲ್ಲಿ ಈ ಸಂಪತ್ತನ್ನು ಅಡಚಣೆಯೆಂದು ಬಗೆಯುತ್ತೇವೆ. ಅಜ್ಜಿ ತುಳುವಿನಲ್ಲಿ ಹೇಳಿದ ಕತೆಯನ್ನು ಮಗು ಕನ್ನಡದಲ್ಲಿ ಬರೆದು ತರಲಿ. ನೀರಿನ ಪಾಠದ ದಿನ ಗುಡ್ಡ ಕೊರೆದು ಸುರಂಗ ತೋಡಿದ ಹಿರಿಯರನ್ನು ತರಗತಿಗೆ ಕರೆಯಿರಿ. ಮಣ್ಣಿನ ಪರಿಯನ್ನೂ ಒರತೆಯ ಜಾಡನ್ನೂ ಅವರಷ್ಟು ಚೆನ್ನಾಗಿ ಬೇರಾರು ವಿವರಿಸಿಯಾರು? ಯಕ್ಷಗಾನದ ವೇಷಧಾರಿ ತಂದೆ ಪದ್ಯದ ಪಾಠಕ್ಕೆ ಬಂದು ಅರ್ಥ ಹೇಳಲಿ. ತನ್ನ ಮನೆಯವರು ಶಾಲೆಯಲ್ಲಿ ಗೌರವದಿಂದ ನಿಂತು ಮಾತಾಡಿದ್ದನ್ನು ಕಂಡ ಮಗು ಕಲಿಕೆಯನ್ನೂ ಕನ್ನಡವನ್ನೂ ತನ್ನದೆಂದು ಭಾವಿಸುತ್ತದೆ.

ಇದು ಉಪಕಾರದ ಮಾತಲ್ಲ, ಹಕ್ಕಿನ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ವಿಧಿಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನಿತ ಶಾಲೆಗಳಲ್ಲಿ ಈ ಸಮಿತಿಗೆ ಸಲಹೆ ನೀಡುವ ಅಧಿಕಾರ ಮಾತ್ರವೆಂದು 2012ರ ತಿದ್ದುಪಡಿ ಹೇಳಿತು. ನಮ್ಮ ಕನ್ನಡ ಶಾಲೆಗಳಲ್ಲಿ ಅನುದಾನಿತವಾದವು ಅನೇಕ. ಕೆಲವು ವ್ಯವಸ್ಥಾಪಕರಿಗೆ ಈ ತಿದ್ದುಪಡಿ ಒಳ್ಳೆಯ ನೆಪವಾಗಿದೆ. ಕೊಟ್ಟ ಸಲಹೆಯನ್ನು ಕೇಳಬಾರದೆಂದು ಕಾನೂನು ಎಲ್ಲಿಯೂ ಹೇಳಿಲ್ಲ.

ಸಂಘದ ಬಂಧುಗಳಲ್ಲಿಯೂ ಒಂದು ಮಾತು. ಸಮ್ಮೇಳನದಲ್ಲಿ ಕನ್ನಡ ಶಾಲೆ ಉಳಿಸಿರೆಂಬ ನಿರ್ಣಯ ಕೈಗೊಂಡು ಸರಕಾರಕ್ಕೆ ಕಳುಹಿಸುತ್ತೇವೆ. ಈ ಬಾರಿ ನಮಗೆ ನಾವೇ ಒಂದು ನಿರ್ಣಯ ಬರೆದುಕೊಳ್ಳೋಣ. ಪ್ರತಿ ಘಟಕವೂ ತನ್ನ ಹತ್ತಿರದ ಒಂದು ಕನ್ನಡ ಶಾಲೆಯನ್ನು ಆರಿಸಿಕೊಳ್ಳಲಿ. ಆದಿತ್ಯವಾರವೋ ಸಂಜೆಯೋ ಹೆತ್ತವರ ಕೂಟ ನಡೆಯುವಂತೆ ಮುಖ್ಯೋಪಾಧ್ಯಾಯರಲ್ಲಿ ಕೇಳಲಿ. ಶಾಲೆಯಿಂದ ಹೋಗುವ ಸೂಚನೆಗಳು ಸರಳ ಕನ್ನಡದಲ್ಲಿರುವಂತೆ ನೆರವಾಗಲಿ. ಓದಲಾರದ ಮನೆಗಳಿಗೆ ಸದಸ್ಯರೇ ಹೋಗಿ ತಿಳಿಸಲಿ. ಇದಕ್ಕೆ ಸನ್ಮಾನದ ಶಾಲು ಹಾರಗಳಿಗೆ ತಗಲುವಷ್ಟು ಖರ್ಚೂ ಇಲ್ಲ.

ಮಕ್ಕಳ ಸಂಖ್ಯೆಗಾಗಿ ಮನೆಬಾಗಿಲು ತಟ್ಟಿದ ಕೈ ಮಕ್ಕಳ ಕಲಿಕೆಗಾಗಿಯೂ ತಟ್ಟಲಿ. ಜೂನಿನ ಏಳನೆಯ ಕೆಲಸದ ದಿನವೂ ಹೆತ್ತವರ ಹೆಸರು ಶಾಲೆಗೆ ನೆನಪಿದ್ದರೆ, ಮುಂದಿನ ವರ್ಷದ ಆರನೆಯ ದಿನಕ್ಕೆ ನಾವು ಅಂಜಬೇಕಾಗಿಲ್ಲ.