ಶಾಲೆಯ ಚುಕ್ಕಾಣಿ ಯಾರ ಕೈಯಲ್ಲಿ?

ಶಾಲೆಗಳ ಸುಧಾರಣೆಯ ಮಾತು ಬಂದಾಗಲೆಲ್ಲ ಬೆಂಗಳೂರಿನಿಂದ ಸುತ್ತೋಲೆ ಹೊರಡುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳನ್ನು ದಾಟಿ ಹಳ್ಳಿಯ ಮುಖ್ಯೋಪಾಧ್ಯಾಯರ ಮೇಜಿಗೆ ಬಂದು ಕಡತವಾಗುತ್ತದೆ. ಮಗುವಿನ ಸ್ಲೇಟಿಗೆ ಅದರಿಂದ ಇಳಿದದ್ದೇನು?

ಶಾಲೆಗೊಬ್ಬ ಮುಂದಾಳು ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆಯನ್ನೇ ತೆರೆದು ನೋಡಿರಿ. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರೇ ಉಪಾಧ್ಯಾಯರು. ಪ್ರತ್ಯೇಕ ಮುಖ್ಯೋಪಾಧ್ಯಾಯರು ಬೇಕೆಂಬ ಮಾತು ಬರುವುದು 150 ಮಕ್ಕಳು ಮೀರಿದ ಮೇಲೆ. ಸಣ್ಣ ಶಾಲೆಯಲ್ಲಿ ಪಾಠ ಹೇಳುವವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ವರದಿ ಕಳಿಸಬೇಕು. ಅವರಿಂದಲೇ 'ಬದಲಾವಣೆ'ಯನ್ನೂ ಕೇಳುವುದು, ಒಂದೇ ಎತ್ತಿಗೆ ನೇಗಿಲನ್ನೂ ಗಾಡಿಯನ್ನೂ ಕಟ್ಟಿದಂತೆ.

ಆದರೂ ಅದೇ ಕಾಯಿದೆ ನಮ್ಮ ಕೈಗೆ ಒಂದು ಹತ್ಯಾರು ಕೊಟ್ಟಿದೆ. ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರಿರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದೂ, ಬಂದ ಹಣ ಎಲ್ಲಿ ಖರ್ಚಾಯಿತೆಂದು ನೋಡುವುದೂ ಆ ಸಮಿತಿಯ ಕೆಲಸ. ಕರ್ನಾಟಕದಲ್ಲಿ ಇಂಥ ಸಮಿತಿಗಳು 2001ರಿಂದಲೇ ಇವೆ. ಎಂದರೆ ಗೇರುಬೀಜ ಸುಲಿಯುವ ತಾಯಿ, ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ತಂದೆ, ಪೇಟೆಯ ದಿನಸಿ ಅಂಗಡಿಯವರು ಬೇಡಲು ಬಂದವರಲ್ಲ, ಶಾಲೆಯನ್ನು ನಡೆಸುವವರು.

ಆದರೆ ಕೆಲಸದ ದಿನ, ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಬರುವವರು ಯಾರು? ಕೂಲಿ ಬಿಟ್ಟು ಬಂದವರ ಮನೆಯಲ್ಲಿ ಅಂದು ಒಲೆ ಉರಿಯುವುದು ಹೇಗೆ? ಬಡವರಿಗೆ ಹಕ್ಕನ್ನು ಕಾಗದದಲ್ಲಿ ಕೊಟ್ಟು ಹೊತ್ತಿನಲ್ಲಿ ಕಿತ್ತುಕೊಳ್ಳುವ ಉಪಾಯವಿದು. ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಿದರೆ ಸಭೆ ನಡೆದಂತಾಗುವುದಿಲ್ಲ.

ಈ ಮಣ್ಣಿಗೆ ಶಿಕ್ಷಣದ ಪ್ರಯೋಗ ಹೊಸತಲ್ಲ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸಲು ಹೊರಟಾಗ ಯಾವ ಸುತ್ತೋಲೆಗೂ ಕಾದು ಕೂರಲಿಲ್ಲ. ಕಾರಂತರಂಥವರು ಊರಿಗೊಬ್ಬರು ಸಿಗಲಾರರು. ಹತ್ತು ಮಂದಿ ಹೆತ್ತವರು ಎಲ್ಲ ಊರಲ್ಲೂ ಇದ್ದಾರೆ.

ಆದ್ದರಿಂದ ನಾವು ಕೇಳುವುದಿಷ್ಟು. ಸಮಿತಿಯ ಸಭೆ ಭಾನುವಾರವೋ, ಸಂಜೆ ಕೆಲಸ ಬಿಟ್ಟ ಮೇಲೋ ನಡೆಯಲಿ. ಕೆಲಸದ ದಿನವೇ ಕರೆಯುವುದಾದರೆ ಮಾಲೀಕರು ಕೂಲಿ ಕಡಿಯಬಾರದು. ಈ ಬೇಡಿಕೆಯನ್ನು ಕಾರ್ಮಿಕ ಸಂಘಗಳು ಬೋನಸ್ಸಿನ ಬೇಡಿಕೆಯ ಪಕ್ಕದಲ್ಲೇ ಇಡಲಿ. ಯೋಜನೆಯನ್ನೂ ಖರ್ಚನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ ಶಾಲೆಯ ಗೋಡೆಗೆ ಅಂಟಿಸಲಿ. ನಾಲ್ಕಾರು ಸಣ್ಣ ಶಾಲೆಗಳಿಗೆ ಒಬ್ಬ ಗುಮಾಸ್ತರನ್ನು ಕೊಟ್ಟು ಉಪಾಧ್ಯಾಯರನ್ನು ಪಾಠಕ್ಕೆ ಬಿಡಲಿ. ಜೂನ್ ಮಳೆ ಬರುವ ಮೊದಲೇ ಮಾಡಿನ ರಿಪೇರಿ ಮುಗಿಯಲಿ. ಹಂಚು ಸುಡುವವನ ಮಗ ಸೋರುವ ಹಂಚಿನ ಕೆಳಗೆ ಕೂರಬಾರದು.

ಅಂಗಡಿಯವರಿಗೆ ಒಂದು ಮಾತು: ದಿನವೂ ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ನೋಡುತ್ತೀರಿ, ತಿಂಗಳಿಗೊಮ್ಮೆ ಶಾಲೆಯ ಲೆಕ್ಕವನ್ನೂ ಕೇಳಿರಿ. ಮಿಲ್ಲಿನ ಬಂಧುಗಳಿಗೆ ಇನ್ನೊಂದು: ಸಂಘ ಕಟ್ಟಲು ಕಲಿತವರಿಗೆ ಸಮಿತಿ ನಡೆಸುವುದು ದೊಡ್ಡದಲ್ಲ. ನೀವು ಖಾಲಿ ಬಿಟ್ಟ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ, ನಿಮ್ಮ ಮಕ್ಕಳ ಹೆಸರಿನಲ್ಲಿ.