ಯಾರಿಗೆ ಅಡ್ಡ? ಔಷಧ ಸೇವಿಸುವವರಲ್ಲಿ ಒಂದು ಬಿನ್ನಹ

ನಾವು ನುಂಗಿದ ಮಾತ್ರೆಯು ರಕ್ತದಲ್ಲಿ ಬೆರೆತು ಅಂಗಾಂಗಗಳನ್ನೆಲ್ಲ ಸುತ್ತಿ ಮಾಡುವ ಹತ್ತಾರು ಕಾರ್ಯಗಳಲ್ಲಿ ನಮಗೆ ಬೇಕಾದ ಒಂದನ್ನು ಗುಣವೆಂದೂ ಉಳಿದವನ್ನು ಅಡ್ಡಪರಿಣಾಮಗಳೆಂದೂ ಕರೆಯುತ್ತೇವಷ್ಟೆ. ಆ ‘ಅಡ್ಡ’ವೆಂಬುದು ನಮ್ಮ ಉದ್ದೇಶಕ್ಕೆ ಅಡ್ಡ, ಔಷಧಕ್ಕೆ ಎಲ್ಲವೂ ನೇರವೇ.

ಥಾಲಿಡೊಮೈಡ್ ಎಂಬ ಔಷಧವು 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರಾಕಾರಕವಾಗಿ ಮಾರಾಟಕ್ಕೆ ಬಂದು, ಬಸುರಿಯರ ವಾಕರಿಕೆಗೂ ನಿರಪಾಯವೆಂದು ಹೆಸರಾಗಿ, 1961ರ ಕೊನೆಯಲ್ಲಿ ಅಂಗಡಿಗಳಿಂದ ಹಿಂದೆ ಸರಿಯುವಷ್ಟರಲ್ಲಿ, ಅಂದಾಜು 10,000 ಶಿಶುಗಳು ಕೈಕಾಲು ಮೊಟಕಾಗಿಯೂ ಇನ್ನಿತರ ವೈಕಲ್ಯಗಳೊಡನೆಯೂ ಹುಟ್ಟಿದ್ದುವು. ಅಂತಹ ಅನರ್ಥವನ್ನು ಅಡ್ಡಪರಿಣಾಮವೆನ್ನಲು ನಾಲಗೆ ಏಳದು. ಆದರೂ ಅದೇ ಔಷಧವನ್ನು ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ಕುಷ್ಠರೋಗದ ಉರಿಗಂಟುಗಳಿಂದ ನಿದ್ದೆಗೆಟ್ಟವರಿಗೆ ಕೇವಲ ನಿದ್ರೆಯನ್ನು ಬಯಸಿ ಕೊಟ್ಟಾಗ, ಗಂಟುಗಳೇ ಇಳಿದುವು. ಈಗ ಆ ಬಾಧೆಗೂ ಅಸ್ಥಿಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೂ ಅದನ್ನು ಕಟ್ಟೆಚ್ಚರದಿಂದ ಕೊಡುವಲ್ಲಿ, ಹಿಂದೆ ಮುಖ್ಯಗುಣವೆನಿಸಿದ್ದ ನಿದ್ರೆಯೇ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿದೆ.

ನಮ್ಮ ಮನೆಗಳಿಗೆ ಬರೋಣ. ರಕ್ತದೊತ್ತಡಕ್ಕೆಂದು ಎನಲಾಪ್ರಿಲ್ ಸೇವಿಸುವ ಕೆಲವರಿಗೆ ಬಿಡದ ಒಣಕೆಮ್ಮು ಹತ್ತುತ್ತದೆ. ಒತ್ತಡವನ್ನು ಇಳಿಸುವ ಕ್ರಿಯೆಯೇ ಬ್ರಾಡಿಕೈನಿನ್ ಎಂಬ ದ್ರವ್ಯ ಕರಗದಂತೆ ತಡೆದು ಶ್ವಾಸನಾಳವನ್ನು ಕೆರಳಿಸುತ್ತದೆ. ಅದನ್ನರಿಯದೆ ಶೀತವೆಂದು ಬಗೆದು ಕೆಮ್ಮಿನ ಸಿರಪ್ ತರಿಸುತ್ತೇವೆ. ಅನೇಕ ಸಿರಪ್ಪುಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮಂಪರು ತರುತ್ತದೆ. ಮಂಪರಿನಲ್ಲಿ ಬಚ್ಚಲಿಗೆ ಹೋದ ಅಜ್ಜಿ ಜಾರಿಬಿದ್ದರೆ ‘ವಯಸ್ಸಾಯಿತಲ್ಲ’ ಎನ್ನುತ್ತೇವೆ. ಇನ್ನು ಕೆಲವರು ‘ಇಂಗ್ಲಿಷ್ ಔಷಧಿ ಉಷ್ಣ’ವೆಂದು ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುವರು, ಕೆಮ್ಮು ನಿಲ್ಲುವುದು, ಒತ್ತಡ ಸದ್ದಿಲ್ಲದೆ ಏರುವುದು. ಎರಡರಲ್ಲಿ ಈ ಮೌನದ ದಾರಿಯೇ ಹೆಚ್ಚು ಭಯಂಕರವೆಂದು ನನಗೆ ತೋರುತ್ತದೆ.

ಆದುದರಿಂದ ಕೈಮುಗಿದು ಬೇಡುತ್ತೇನೆ: ಹೊಸ ಔಷಧ ಮೊದಲಾದ ಮೇಲೆ ಮೈಯಲ್ಲಿ ಕಂಡ ಯಾವ ಹೊಸ ತೊಂದರೆಯನ್ನೂ, ಅದೆಷ್ಟು ಕ್ಷುಲ್ಲಕವೆನಿಸಿದರೂ, ದಿನಾಂಕದೊಡನೆ ಬರೆದಿಟ್ಟುಕೊಂಡು ವೈದ್ಯರ ಮುಂದಿಡಿ. ಅವರು ಬೇಸರಗೊಂಡಾರೆಂದು ಮುಚ್ಚಿಡಬೇಡಿ, ಅವರನ್ನು ಕೇಳದೆ ಮಾತ್ರೆ ಬಿಡಲೂ ಬೇಡಿ. ಎನಲಾಪ್ರಿಲ್ ಒಗ್ಗದವರಿಗೆ ಕೆಮ್ಮು ತಾರದ ಬೇರೆ ಮಾತ್ರೆಗಳುಂಟು. ಇಂತಹ ತೊಂದರೆಗಳ ವರದಿಗಳನ್ನು ಸಂಗ್ರಹಿಸುವ ಸರ್ಕಾರದ ವ್ಯವಸ್ಥೆಯೊಂದು 2010ರಿಂದ ನಮ್ಮ ದೇಶದಲ್ಲಿ ನಡೆದುಬಂದಿದ್ದು, ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆಯ ಆಯೋಗ ಅದನ್ನು ನೋಡಿಕೊಳ್ಳುತ್ತಿದೆ. ಅಲ್ಲಿಗೆ ವೈದ್ಯರೇ ಬರೆಯಬೇಕೆಂದಿಲ್ಲ, ರೋಗಿಯೂ ತಿಳಿಸಬಹುದು. ಶುಲ್ಕವಿಲ್ಲದ ದೂರವಾಣಿಯ ಸಂಖ್ಯೆ 1800-180-3024.